ಇವಳ ಮಂಡಿಗೊಂದು ಪ್ರಾರ್ಥನೆ

ಸೆಪ್ಟೆಂಬರ್ 3, ಬುಧವಾರ

ಮತ್ತೆ ಬ್ರೆಡ್ಡು, ಮೊಟ್ಟೆ. ಕಾಫಿ ಎಂಬ ಹೆಸರಿನಲ್ಲಿ ಬಿಸಿನೀರು. ಹಾಸ್ಟೆಲ್ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜು ಈಗ ನನಗೇ ಬರೆದುಕೊಟ್ಟಂತಾಗಿದೆ — ಯಾರೂ ಬಂದು ಕೂರುವುದಿಲ್ಲ. ತರಬೇತಿಗೆ ಬಂದಿರುವ ಮೇಷ್ಟ್ರುಗಳೆಲ್ಲ ಒಂದೊಂದು ದೇಶದಿಂದ ಇಬ್ಬಿಬ್ಬರು, ಮೂವರು. ಅವರವರ ಭಾಷೆಯಲ್ಲಿ ಹರಟೆ, ನಗು. ನಾನೊಬ್ಬನೇ ಒಂಟಿ ಎತ್ತು.

ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. ಬಂದು ವಾರವಾದರೂ ತಿಳಿಸಿರಲಿಲ್ಲ. "ದೇಶ ಸುತ್ತು, ಕೋಶ ಓದು ಅಂತಾರೆ ಮೇಷ್ಟ್ರೇ. ಕೋಶ ಬೇಕಾದಷ್ಟು ಓದಿದ್ದೀರಿ. ಈಗ ಸುತ್ತಿ" ಎಂದರು. ಒಳ್ಳೆಯ ಮನುಷ್ಯ. ಭೂಗೋಳ ಕಲಿಸುವ ಹೊಸ ವಿಧಾನ ಕಲಿತು ಬರಲಿ ಎಂದು ಕಳಿಸಿದ್ದು ಕಾಗದದ ಮೇಲೆ. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಸ್ಟಾಫ್‌ರೂಮಿನಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದೆ. ಅದನ್ನು ನೋಡಲಾರದೆ ಕಳಿಸಿದ್ದಾರೆ. "ಜಾಗ ಬದಲಾದ್ರೆ ಮನಸ್ಸೂ ಬದಲಾಗುತ್ತೆ" ಎಂದಿದ್ದರು, ಹೊರಡುವ ದಿನ. ಗೋಡೆ ಬದಲಾಗಿದೆ, ಅಷ್ಟೇ.

ಸೆಪ್ಟೆಂಬರ್ 5, ಶುಕ್ರವಾರ

ತರಬೇತಿಯ ಮೇಡಂ ಇವತ್ತು ನಮ್ಮ ಕೈಯಿಂದ ಪುಸ್ತಕ ಕಿತ್ತುಕೊಂಡರು. ನಿಜವಾಗಿಯೂ. ಪ್ಲಾಸ್ಟಿಕ್ ಬುಟ್ಟಿ ಹಿಡಿದು ಮೇಜಿಂದ ಮೇಜಿಗೆ ಬಂದರು. "ನದಿ ಪಾಠ ಮಾಡೋರು ಎಷ್ಟು ಜನ ಮಕ್ಕಳ ಜೊತೆ ನದೀಲಿ ಕಾಲಿಟ್ಟಿದ್ದೀರಿ?" ಯಾರೂ ಕೈ ಎತ್ತಲಿಲ್ಲ. ಎಲ್ಲರನ್ನೂ ನದಿಗೆ ನಡೆಸಿಕೊಂಡು ಹೋದರು. ಒಂದು ಟೇಪು, ಒಂದು ಗಡಿಯಾರ, ಒಂದು ಕಿತ್ತಳೆಹಣ್ಣು. ಹಣ್ಣನ್ನು ನೀರಿಗೆ ಬಿಟ್ಟು ಅದು ತೇಲಿಹೋಗುವುದನ್ನು ನೋಡಿ ಹರಿವಿನ ವೇಗ ಅಳೆಯುವುದು. ಇಷ್ಟೇ! ಇಷ್ಟು ವರ್ಷ ಕಪ್ಪುಹಲಗೆ ಮೇಲೆ ನೀಲಿ ಸೀಮೆಸುಣ್ಣದಲ್ಲಿ ನದಿ ಹರಿಸಿದವನು ನಾನು. ಒಂದು ಮಗುವಿನ ಕಾಲೂ ಒದ್ದೆಯಾಗಿಲ್ಲ. ನಾಚಿಕೆಯಾಯಿತು. ಖುಷಿಯೂ ಆಯಿತು, ಸುಳ್ಳೇಕೆ.

ಹೇಳೋಣ ಎಂದು ಫೋನ್ ತೆಗೆದೆ. ಯಾರಿಗೆ... ಜೇಬಿಗೆ ಹಾಕಿಕೊಂಡೆ.

ಹೋಂವರ್ಕ್ ಬೇರೆ. ಭಾನುವಾರ ಈ ಊರಿನ ಜನ ಎಲ್ಲಿ ಸೇರುತ್ತಾರೆ? ಹೋಗಿ ನೋಡಿ ನಕ್ಷೆ ಬರೆದು ತರಬೇಕು. ಫೋನ್ ನೋಡುವಂತಿಲ್ಲ, ಮನುಷ್ಯರನ್ನೇ ಕೇಳಬೇಕು.

ಸೆಪ್ಟೆಂಬರ್ 7, ಭಾನುವಾರ, ಸಂಜೆ

ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಕ್ಯಾಂಟೀನಿಗೆ ಬೀಗ. ಭಾನುವಾರ ರಜವಂತೆ, ಯಾರೂ ಹೇಳಿರಲಿಲ್ಲ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು. ಬಸ್ ಸ್ಟಾಪಿನಲ್ಲಿ ನಿಂತೆ. ಬಂದ ಬಸ್ಸಿನಲ್ಲಿ ಡ್ರೈವರಮ್ಮ ಒಬ್ಬಳೇ. ನನ್ನ ವಯಸ್ಸಿರಬಹುದು, ದಪ್ಪ ತೋಳು, ದೊಡ್ಡ ಗಂಟಲು. ಎಲ್ಲಿಗೆ ಎಂದು ಕೇಳಿದಳು.

"ಜನ ಎಲ್ಲಿ ಸೇರ್ತಾರೋ ಅಲ್ಲಿಗೆ" ಎಂದೆ. ಹೋಂವರ್ಕಿನ ಕಥೆ ಹೇಳಿದೆ. ಅವಳದೂ ನನ್ನದೂ ಅರ್ಧರ್ಧ ಇಂಗ್ಲಿಷ್. ಎರಡೂ ಸೇರಿ ಒಂದಾಯಿತು.

"ಊಟ ಆಯ್ತಾ?"

"ಇಲ್ಲ."

"ಹಾಗಾದ್ರೆ ಸರಿಯಾದ ಬಸ್ಸೇ ಹತ್ತಿದ್ದೀರಿ. ಇದೇ ಟ್ರಿಪ್ಪಿಗೆ ನನ್ನ ಡ್ಯೂಟಿ ಮುಗಿಯುತ್ತೆ. ನಮ್ಮ ಚರ್ಚಿಗೆ ಬನ್ನಿ. ಕೂಗಾಡ್ತೀವಿ, ಕುಣೀತೀವಿ, ಆಮೇಲೆ ಹೊಟ್ಟೆತುಂಬ ತಿಂತೀವಿ."

ಚರ್ಚು ಎಂದರೆ ಉಸಿರು ಬಿಗಿಹಿಡಿದು ಕೂರುವ ಜಾಗ ಎಂದುಕೊಂಡಿದ್ದೆ. ನಮ್ಮ ಶಾಲೆ ಹಿಂದಿನ ಚರ್ಚಿನಲ್ಲಿ ಪಾರಿವಾಳದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇದು ಮುಚ್ಚಿಹೋದ ಫರ್ನಿಚರ್ ಅಂಗಡಿ. ಗೋಡೆಯ ಮೇಲೆ 'ಸೋಫಾ' ಎಂಬ ಬೋರ್ಡು ಇನ್ನೂ ಇದೆ. ಕುರ್ಚಿ ಒಂದರಂತೆ ಒಂದಿಲ್ಲ. ಡ್ರಮ್ಮು, ಗಿಟಾರು, ಓಡುವ ಮಕ್ಕಳು, ಚಪ್ಪಾಳೆ ತಟ್ಟುವ ಮುದುಕರು. ನೆಲವೇ ಅದುರುತ್ತಿತ್ತು. ಪಾಸ್ಟರ್ ವಾರವೆಲ್ಲ ಪ್ಲಂಬರ್ ಅಂತೆ. ಶರ್ಟಿನ ತೋಳು ಮಡಚಿಕೊಂಡೇ ಪ್ರಾರ್ಥಿಸುತ್ತಾರೆ — ಕಟ್ಟಿಕೊಂಡ ಪೈಪ್ ಬಿಡಿಸಲು ನಿಂತವರ ಹಾಗೆ. ನಾನು ಹಿಂದೆ ಕೂತು ನಕ್ಷೆಗೆ ಗುರುತು ಹಾಕಿಕೊಳ್ಳುತ್ತಿದ್ದೆ. ಬಾಗಿಲು ಎರಡು, ಕಿಟಕಿ ಇಲ್ಲ, ಅಡುಗೆಮನೆ ಎಡಕ್ಕೆ.

ಅಷ್ಟರಲ್ಲಿ, "ಹೊಸಬರು ಎದ್ದು ನಿಲ್ಲಿ!"

ಡ್ರೈವರಮ್ಮ ನನ್ನ ತೋಳು ಹಿಡಿದು ಎಬ್ಬಿಸಿಯೇ ಬಿಟ್ಟಳು. ಇಲ್ಲಿಯ ಪದ್ಧತಿ: ಹೊಸಬರು ಮನೆಯಲ್ಲಿ ಯಾರನ್ನು ಬಿಟ್ಟು ಬಂದಿದ್ದಾರೆ ಎಂದು ಹೇಳಬೇಕು. ಸಭೆಯಲ್ಲಿ ಒಬ್ಬರು ಅವರನ್ನು 'ಹೊರುತ್ತಾರೆ'. ಎಂದರೆ, ಅವರಿಗಾಗಿ ದಿನಾ ಪ್ರಾರ್ಥನೆ, ವಾರಕ್ಕೊಂದು ದಿನ ಉಪವಾಸ.

"ಮನೇಲಿ ಯಾರಿದ್ದಾರೆ ಟೀಚರ್?" ಪಾಸ್ಟರ್ ಮೈಕ್ ನನ್ನ ಮೂಗಿಗೇ ಹಿಡಿದರು.

"ಹೆಂಡತಿ" ಎಂದೆ.

ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. "ಯಾಕೆ ಕರ್ಕೊಂಡು ಬರ್ಲಿಲ್ಲ?" ಎಂದು ನಗುತ್ತ ಕೇಳಿದರು.

"ಮಂಡಿನೋವು. ನಡೆಯೋಕಾಗಲ್ಲ."

ಹೆಸರು ಕೇಳಿದರು. ಹೇಳಿದೆ. ಡ್ರೈವರಮ್ಮ ಕೈ ಎತ್ತಿ "ನಾನು ಹೊರ್ತೀನಿ!" ಎಂದು ಕೂಗಿದಳು. ಆಮೇಲೆ ಇನ್ನೂರು ಜನ ಒಟ್ಟಿಗೆ, ಗಂಟಲು ಹರಿಯುವಂತೆ, ನನ್ನ ಹೆಂಡತಿಯ ಹೆಸರು ಹಿಡಿದು ಪ್ರಾರ್ಥಿಸಿದರು. ಆ ಹೆಸರು ಹಿಡಿಯದೆ ನಾನು ಬದುಕಿಡೀ 'ಇವಳೇ' ಎಂದು ಕರೆದವನು. ಕೂತುಬಿಟ್ಟೆ. ಭಕ್ತಿ ಎಂದುಕೊಂಡಿರಬೇಕು, ಪಕ್ಕದ ಮುದುಕ ಬೆನ್ನು ಸವರಿದ.

ಊಟ ಹಾಕಿದರು. ಎರಡು ಸಲ ಹಾಕಿಸಿಕೊಂಡೆ.

ಸೆಪ್ಟೆಂಬರ್ 8, ಸೋಮವಾರ

ಮಂಡಿನೋವು ಸುಳ್ಳಲ್ಲ. ಕೊನೆಯ ನಾಲ್ಕು ವರ್ಷ ಅದರದೇ ಕಾಟ.

ಸೆಪ್ಟೆಂಬರ್ 14, ಭಾನುವಾರ

ನಿಜ ಹೇಳಿ ಬರೋಣ ಎಂದೇ ಹೊರಟಿದ್ದೆ. ಬಾಗಿಲಲ್ಲೇ ಮುತ್ತಿಕೊಂಡರು. "ಮಂಡಿ ಹೇಗಿದೆ?" "ಮೆಟ್ಟಿಲು ಹತ್ತುತ್ತಾರಾ?" "ನಮ್ಮತ್ತೆಗೂ ಹಾಗೇ ಇತ್ತು, ಬಿಸಿನೀರಿನ ಶಾಖ ಕೊಡೋಕೆ ಹೇಳಿ." ಯಾರಿಗೆ ಅಂತ ಹೇಳುವುದು? ಒಬ್ಬೊಬ್ಬರ ಮುಖದಲ್ಲೂ ಎಷ್ಟು ಕಾಳಜಿ! ಡ್ರೈವರಮ್ಮ ಶುಕ್ರವಾರ ಉಪವಾಸ ಮಾಡಿದ್ದಾಳೆ.

"ಸ್ವಲ್ಪ ಕಮ್ಮಿ" ಎಂದೆ.

ಚಪ್ಪಾಳೆಯೋ ಚಪ್ಪಾಳೆ.

ಸೆಪ್ಟೆಂಬರ್ 18, ಗುರುವಾರ

ಈಗ ಕ್ಲಾಸ್ ಮುಗಿದ ಮೇಲೆ ಡ್ರೈವರಮ್ಮನ ಬಸ್ಸಿನಲ್ಲೇ ಕೊನೆಯ ಸ್ಟಾಪಿನವರೆಗೂ ಹೋಗಿ ವಾಪಸು ಬರುತ್ತೇನೆ. ಕೊನೆಯ ಸ್ಟಾಪಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅವಳು ಸ್ಟೀರಿಂಗಿಗೆ ಉಣ್ಣೆಯ ಚೀಲ ನೇತುಹಾಕಿ ಹೆಣೆಯುತ್ತಾಳೆ. ಹಿಂದಿನ ಸೀಟಿನಲ್ಲಿ ನಾನು. ಈ ಊರಿನಲ್ಲಿ ನನ್ನ ಜೊತೆ ಮಾತಾಡುವ ಜೀವ ಇದೊಂದೇ.

ಇವತ್ತು ಕಡುನೀಲಿ ಉಣ್ಣೆ ತೆಗೆದಳು. "ನಿಮ್ಮ ಮನೆಯವರಿಗೆ. ಮಂಡಿಗೆ ಹಾಕ್ಕೊಳ್ಳೋ ಪಟ್ಟಿ. ಮಂಡಿ ದಪ್ಪ ಎಷ್ಟು?"

ಗೊತ್ತಿಲ್ಲ ಎಂದೆ.

"ಅಯ್ಯೋ ನನ್ನಪ್ಪಾ! ಇಪ್ಪತ್ತಾರು ವರ್ಷ ಸಂಸಾರ ಮಾಡಿ ಹೆಂಡತಿ ಮಂಡಿ ಗೊತ್ತಿಲ್ವಾ? ಕೈಯಲ್ಲಿ ತೋರಿಸಿ."

ಗೊತ್ತಿತ್ತು. ಎಷ್ಟು ರಾತ್ರಿ ಎಣ್ಣೆ ತಿಕ್ಕಿಲ್ಲ. ಎರಡು ಕೈ ಎತ್ತಿ ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಿ, ಬೆರಳು ಬಾಗಿಸಿ ತೋರಿಸಿದೆ. ಕೈಗೆ ಅಳತೆ ಮರೆತಿಲ್ಲ. ಡ್ರೈವರಮ್ಮ ಆ ಬರಿಗಾಳಿಯ ಸುತ್ತ ಟೇಪು ಸುತ್ತಿ ನೋಡಿಕೊಂಡಳು. ಅವಳು ಟೇಪು ತೆಗೆದ ಮೇಲೂ ನಾನು ಕೈ ಇಳಿಸಲಿಲ್ಲ. ಇಳಿಸಲಾಗಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಹತ್ತು ದಿನ ಬರೆದಿಲ್ಲ. ಬರೆಯಲು ಪುರುಸೊತ್ತೆಲ್ಲಿ? ಮಾತಾಡಲು ಜನ ಸಿಕ್ಕರೆ ಪುಸ್ತಕ ಯಾರಿಗೆ ಬೇಕು.

ಇವತ್ತು ಕುಣಿದೆ. ನಾನು! ಶಾಲೆಯ ವಾರ್ಷಿಕೋತ್ಸವದಲ್ಲಿ ಕುರ್ಚಿ ಎಣಿಸುವ ನೆಪ ಮಾಡಿ ತಪ್ಪಿಸಿಕೊಳ್ಳುತ್ತಿದ್ದವನು. "ಟೀಚರ್ ಹೆಂಡತಿ ಈ ವಾರ ಕೋಲಿಲ್ಲದೆ ಮಾರ್ಕೆಟ್ಟಿಗೆ ಹೋಗಿ ಬಂದರಂತೆ" ಎಂದು ಪಾಸ್ಟರ್ ಸಾರಿದರು. ಡ್ರಮ್ಮು ಶುರುವಾಯಿತು. ಎಲ್ಲರೂ ಕುಣಿದರು, ಎಳೆದುಕೊಂಡರು.

ಮಾರ್ಕೆಟ್ಟಿನ ಕಥೆ ಹೇಳಿದ್ದು ನಾನೇ. ಗುರುವಾರ ಬಸ್ಸಿನಲ್ಲಿ. ಬದನೆಕಾಯಿ ಕೊಂಡಳು, ಚೌಕಾಸಿ ಮಾಡಿದಳು, ಅಂಗಡಿಯವನನ್ನು ಬೈದಳು ಎಂದೆಲ್ಲ ಹೇಳಿದೆ. ನಾಲಿಗೆಗೆ ಎಲುಬಿಲ್ಲ ಎನ್ನುವುದು ಇದಕ್ಕೇ. ಆದರೆ ಹೇಳುವಾಗ... ನಮ್ಮೂರಿನಲ್ಲಿ ಇವಳು ಸತ್ತಿರುವುದು ಎಲ್ಲರಿಗೂ ಗೊತ್ತು. ತರಕಾರಿಯವನಿಗೆ, ಅಂಚೆಯವನಿಗೆ, ಎಲ್ಲರಿಗೂ. ಪ್ರಪಂಚದಲ್ಲಿ ಈ ಒಂದು ಸೋಫಾ ಅಂಗಡಿಯಲ್ಲಿ ಮಾತ್ರ ಇವಳು ಬದುಕಿದ್ದಾಳೆ. ದಿನದಿನಕ್ಕೆ ಚೇತರಿಸಿಕೊಳ್ಳುತ್ತಿದ್ದಾಳೆ.

ಇದಕ್ಕಾಗಿಯೇ ದೇಶ ಸುತ್ತಬೇಕು ಎನ್ನುವುದೇನೋ!

ಅಕ್ಟೋಬರ್ 1, ಬುಧವಾರ

ನಾದಿನಿಯ ಫೋನ್. ಇವಳ ತಂಗಿ, ನಮ್ಮ ಬೀದಿಯಲ್ಲೇ ಇರುವುದು. ಮನೆ ಬೀಗದಕೈ ಅವಳ ಹತ್ತಿರವೇ ಇದೆ.

"ಭಾವ, ಅಕ್ಕನ ಬೀರು ಖಾಲಿ ಮಾಡ್ಲಾ? ವರ್ಷ ಕಳೀತು. ಸೀರೆಗೆಲ್ಲ ಹುಳ ಬೀಳುತ್ತೆ. ಯಾರಿಗಾದ್ರೂ ಉಪಯೋಗ ಆಗ್ಲಿ."

"ನಾನು ಬರೋವರೆಗೂ ಮುಟ್ಟಬೇಡ."

"ನೀವಿದ್ದಾಗ್ಲೂ ಮುಟ್ಟೋಕೆ ಬಿಡಲ್ವಲ್ಲ."

ಜೋರಾಗಿ ಬೈದುಬಿಟ್ಟೆ. ಅವಳು ಫೋನ್ ಇಟ್ಟಳು.

ಅಕ್ಟೋಬರ್ 5, ಭಾನುವಾರ

ಕುತ್ತಿಗೆಗೆ ಬಂತು.

ಪಾಸ್ಟರ್ ಹೇಳಿದರು — 19ನೇ ತಾರೀಕು ಟೀಚರಿಗೆ ಇಲ್ಲಿ ಕೊನೆಯ ಭಾನುವಾರ. ಅವತ್ತು ಅವರ ಹೆಂಡತಿಗೆ ವೀಡಿಯೊ ಕಾಲ್ ಮಾಡೋಣ. ದೊಡ್ಡ ಪರದೆ ಕಟ್ಟುತ್ತೇನೆ. ನಾವು ಹೊತ್ತವರ ಮುಖ ನಾವು ನೋಡಬೇಡವೇ? ಎಲ್ಲರೂ ಕೈಬೀಸೋಣ.

ಡ್ರೈವರಮ್ಮನ ಮುಖ ನೋಡಬೇಕಿತ್ತು. ಹಬ್ಬ.

"ನಮ್ಮ ಕಡೆ ನೆಟ್ ಸರಿ ಇಲ್ಲ" ಎಂದೆ.

"ಪ್ರಾರ್ಥನೆ ಮಾಡ್ತೀವಿ ಬಿಡಿ, ಸರಿ ಹೋಗುತ್ತೆ" ಎಂದರು.

ಅಕ್ಟೋಬರ್ 8, ಬುಧವಾರ

ಮೂರು ದಿನದಿಂದ ಒಂದೇ ಯೋಚನೆ. ನಾದಿನಿ ಥೇಟ್ ಇವಳ ಹಾಗೆ. ಅದೇ ಹಣೆ, ಅದೇ ನಗು. ಇವರ್ಯಾರೂ ಇವಳ ಫೋಟೊ ನೋಡಿಲ್ಲ. ಎರಡು ನಿಮಿಷ ಕೂತು ಕೈಬೀಸಿದರೆ ಸಾಕು. ಯಾರಿಗೂ ನೋವಿಲ್ಲ. ಯಾರಿಗೂ ನಷ್ಟವಿಲ್ಲ.

ಫೋನ್ ಮಾಡಿದೆ. ಕೇಳಿದೆ. ಚರ್ಚಿನ ಕಥೆಯೆಲ್ಲ ಹೇಳಿಯೇ ಕೇಳಿದೆ.



"ಭಾವ, ಸರಿಯಾಗಿ ಊಟ ಮಾಡ್ತಿದ್ದೀರಾ?"

"ಅದಲ್ಲ ಕಣಮ್ಮ, ಎರಡೇ ನಿಮಿಷ..."

"ಅಕ್ಕನ ಹಾಗೆ ನಾನು ಕೂತ್ಕೊಳ್ಳಲ್ಲ ಭಾವ. ಕನ್ನಡಿ ನೋಡ್ಕೊಂಡು ತಲೆ ಬಾಚೋವಾಗ್ಲೇ ನಂಗೆ ದಿನಾ ಅವಳು ಕಾಣ್ತಾಳೆ. ಅದೇ ಸಾಕಾಗಿದೆ." ಅಳುತ್ತಿದ್ದಳು. "ನಿಮಗೆ ಹೆಂಡತಿ ಹೋದ್ಲು, ಎಲ್ಲರೂ ಬಂದು ನಿಮ್ಮ ಕೈ ಹಿಡ್ಕೊಂಡ್ರು. ನಂಗೂ ಇದ್ದಿದ್ದು ಅವಳೊಬ್ಬಳೇ. ಒಂದು ದಿನ ನೀವು ನನ್ನ ಕೇಳಿದ್ರಾ, ಹೇಗಿದ್ದೀಯಾ ಅಂತ?"

ಕೇಳಿಲ್ಲ. ಒಂದು ದಿನವೂ ಕೇಳಿಲ್ಲ. ದುಃಖಕ್ಕೆಲ್ಲ ನಾನೊಬ್ಬನೇ ವಾರಸುದಾರ ಎಂದುಕೊಂಡಿದ್ದೆ.

ಅಕ್ಟೋಬರ್ 12, ಭಾನುವಾರ

ಹೋಗಲಿಲ್ಲ. ಜ್ವರ ಎಂದು ಡ್ರೈವರಮ್ಮನಿಗೆ ಮೆಸೇಜ್ ಮಾಡಿದೆ. ಮಧ್ಯಾಹ್ನ ಯೂನಿಫಾರ್ಮಿನಲ್ಲೇ ಬಂದು ಫ್ಲಾಸ್ಕಿನಲ್ಲಿ ಸೂಪ್ ಕೊಟ್ಟು ಹೋದಳು. ಹಣೆ ಮುಟ್ಟಿ ನೋಡಿ, "ಜ್ವರ ಇಳಿದಿದೆ, ದೇವರು ದೊಡ್ಡವನು" ಎಂದಳು. ಮಂಡಿಪಟ್ಟಿ ಒಂದು ಮುಗಿದಿದೆಯಂತೆ. ಇನ್ನೊಂದು ಅರ್ಧ.

ಫ್ಲಾಸ್ಕಿನ ಮುಚ್ಚಳ ತೆಗೆಯದೆ ಕಿಟಕಿಯಲ್ಲಿಟ್ಟೆ.

ಅಕ್ಟೋಬರ್ 16, ಗುರುವಾರ

ಹೇಳುತ್ತೇನೆ. ಹೇಳಿದರೆ ಆ ಬಾಗಿಲು ಮುಚ್ಚುತ್ತದೆ, ಇವಳು ಇನ್ನೊಂದು ಸಲ ಸಾಯುತ್ತಾಳೆ. ಹೇಳದಿದ್ದರೆ ಡ್ರೈವರಮ್ಮ ನಾಳೆಯೂ ಇವಳಿಗಾಗಿ ಹಸಿದುಕೊಂಡಿರುತ್ತಾಳೆ.

ಬಸ್ಸಿನಲ್ಲೇ ಹೇಳಬೇಕೆಂದು ಹತ್ತಿದೆ. ಕೊನೆಯ ಸ್ಟಾಪಿನವರೆಗೂ ಹೋದೆ. "ಯಾಕೋ ಸಪ್ಪಗಿದ್ದೀರಿ" ಎಂದಳು. ಹೇಳದೆ ವಾಪಸು ಬಂದೆ. ಹೇಡಿ.

ಅಕ್ಟೋಬರ್ 19, ಭಾನುವಾರ

ಪರದೆ ಕಟ್ಟಿದ್ದರು. ಪಾಸ್ಟರ್ ತಮ್ಮ ಫೋನನ್ನು ಅದಕ್ಕೆ ಜೋಡಿಸಿ ನಿಂತಿದ್ದರು. ಮಕ್ಕಳನ್ನು ಮುಂದೆ ಕೂರಿಸಿದ್ದರು, ಕ್ಯಾಮೆರಾದಲ್ಲಿ ಕಾಣಲಿ ಎಂದು. ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಇವಳು ನೋಡುತ್ತಾಳಲ್ಲ. ಡ್ರೈವರಮ್ಮ ತುಟಿಗೆ ಬಣ್ಣ ಹಚ್ಚಿದ್ದಳು, ತೊಡೆಯ ಮೇಲೆ ಎರಡೂ ಮಂಡಿಪಟ್ಟಿ ಮಡಚಿ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು.

"ನಂಬರ್ ಹೇಳಿ ಟೀಚರ್."

"ನಂಬರ್ ಇಲ್ಲ" ಎಂದೆ.

ನಕ್ಕರು. ನಾಚಿಕೆ ಎಂದುಕೊಂಡರು.

"ಅವಳಿಲ್ಲ. ಹೋದ ವರ್ಷವೇ ತೀರಿಕೊಂಡಳು. ನಿಮಗೆಲ್ಲ ಸುಳ್ಳು ಹೇಳಿದೆ."

ಇಷ್ಟೇ ಹೇಳಿದ್ದು. ಮೈಕಿನಲ್ಲಿ ನನ್ನ ಉಸಿರಾಟ ನನಗೇ ಕೇಳಿಸುತ್ತಿತ್ತು. ಈ ಜಾಗದಲ್ಲಿ ಸದ್ದಿಲ್ಲದ್ದನ್ನು ನೋಡಿದ್ದು ಇದೇ ಮೊದಲು. ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಅಮ್ಮನನ್ನು ಕೇಳಿದಳು, "ಹಾಗಾದ್ರೆ ಮಂಡಿ ವಾಸಿ ಆಯ್ತಾ?" ಅಮ್ಮ ಅವಳ ಬಾಯಿ ಮುಚ್ಚಿದಳು.

ಪಾಸ್ಟರ್ ಪರದೆಯ ವೈರು ಕಿತ್ತರು. ಕುರ್ಚಿ ಎಳೆದು ನನ್ನನ್ನು ಕೂರಿಸಿ, ಭುಜದ ಮೇಲೆ ಕೈಯಿಟ್ಟು ನಿಂತರು. ಕೆಲವರು ಬಂದು ಕೈ ಹಿಡಿದರು. ಕೆಲವರು ಬರಲಿಲ್ಲ. ಬೆನ್ನು ಸವರಿದ್ದ ಮುದುಕ ಟೋಪಿ ಎತ್ತಿಕೊಂಡು ಹೊರಟೇ ಹೋದ.

ಡ್ರೈವರಮ್ಮ ಎದ್ದು ನನ್ನ ಮುಂದೆ ನಿಂತಳು.

"ಶುಕ್ರವಾರ ಶುಕ್ರವಾರ ಹಸ್ಕೊಂಡು ಬಸ್ ಓಡಿಸಿದ್ದೀನಿ ನಾನು. ಕೈ ನಡುಗ್ತಿತ್ತು. ಅವರು ನಡೀಲಿ ಅಂತ."

ಅವಳು ಪಟ್ಟಿಗಳನ್ನು ಚೀಲಕ್ಕೆ ತುರುಕಿಕೊಂಡು ಹೋದಳು. ಊಟಕ್ಕೆ ನಿಲ್ಲಲು ನನಗೂ ಮುಖವಿರಲಿಲ್ಲ.

ಅಕ್ಟೋಬರ್ 20, ಸೋಮವಾರ

ಸರ್ಟಿಫಿಕೇಟ್ ಕೊಟ್ಟರು. ಗ್ರೂಪ್ ಫೋಟೊ. ಕೊನೆಯಲ್ಲಿ ನಿಂತೆ. ಈ ಪ್ರವಾಸದಿಂದ ಏನು ಕಲಿತಿರಿ ಎಂದು ಒಬ್ಬೊಬ್ಬರೂ ಎದ್ದು ಹೇಳಬೇಕಿತ್ತು. ಕಿತ್ತಳೆಹಣ್ಣು ಎಂದೆ. ಎಲ್ಲರೂ ನಕ್ಕರು. ಮೇಡಂ ಮೆಚ್ಚಿದರು.

ಅಕ್ಟೋಬರ್ 21, ಮಂಗಳವಾರ, ವಿಮಾನ ನಿಲ್ದಾಣ

ಬೆಳಿಗ್ಗೆ ಟ್ಯಾಕ್ಸಿ ಮಾಡಬಹುದಿತ್ತು. ಬಸ್ಸಿಗೇ ನಿಂತೆ, ಅದರ ಕೊನೆಯ ಸ್ಟಾಪಿನಿಂದ ವಿಮಾನ ನಿಲ್ದಾಣಕ್ಕೆ ರೈಲಿದೆ. ಬಂತು. ನನ್ನನ್ನೂ ಸೂಟ್‌ಕೇಸನ್ನೂ ನೋಡಿ ಡ್ರೈವರಮ್ಮ ಟಿಕೆಟ್ ಹರಿದುಕೊಟ್ಟಳು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವಳ ಕಣ್ಣು ರಸ್ತೆ ಬಿಟ್ಟು ಸರಿಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ನಾನೂ ಎದ್ದೆ.

"ಕೂತ್ಕೊಳ್ಳಿ."

ಎಂಜಿನ್ ಆಫ್ ಮಾಡಿದಳು. ಬಾಗಿಲು ಹಾಕಿದಳು. ಉಣ್ಣೆಯ ಚೀಲ ತೆಗೆದಳು. ಅದೇ ಕಡುನೀಲಿ ಉಣ್ಣೆ. ಈಗ ಕಾಲುಚೀಲವಾಗುತ್ತಿದೆ.

"ಬಿಚ್ಚಿಬಿಟ್ಟೆ. ಒಳ್ಳೆ ಉಣ್ಣೆ, ಹಾಳು ಮಾಡಬಾರ್ದು. ನಮ್ಮಣ್ಣನಿಗೆ ಆಗುತ್ತೆ."

"ಒಳ್ಳೇದಾಯ್ತು."

"ಒಳ್ಳೇದೇನಿಲ್ಲ. ನಂಗಿನ್ನೂ ಸಿಟ್ಟಿದೆ." ಎರಡು ಸಾಲು ಹೆಣೆದಳು. "ಹೊತ್ತಿದ್ದು ಹೊತ್ತಿದ್ದೇ. ಹೇಗೆ ಹೋದ್ರು ಅಂತಾದ್ರೂ ನಂಗೆ ಗೊತ್ತಾಗಬೇಕು. ಹೇಳಿ."

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಗೊತ್ತಿರುವವರು ಕೇಳುವುದಿಲ್ಲ. 'ಸಮಾಧಾನ ಮಾಡ್ಕೊಳ್ಳಿ' ಎಂದು ಹೇಳಿ, ಚಪ್ಪಲಿ ಹುಡುಕುತ್ತಾರೆ. ಅದಕ್ಕೇ ನಾನು ಒಂದು ಸಲವೂ ಮೊದಲಿಂದ ಕೊನೆವರೆಗೆ ಬಾಯಿಬಿಟ್ಟು ಹೇಳಿಲ್ಲ. ಹೇಳಲು ಇಷ್ಟು ದೂರ ಬರಬೇಕಾಯಿತು. ಅರೆಬರೆ ಇಂಗ್ಲಿಷಿನಲ್ಲಿ, ಖಾಲಿ ಬಸ್ಸಿನಲ್ಲಿ, ನನ್ನ ಮೇಲೆ ಸಿಟ್ಟಾಗಿರುವವಳಿಗೆ. ಹೊರಗೆ ಪ್ಯಾಸೆಂಜರುಗಳು ಬಾಗಿಲು ಬಡಿದರು. ಅವಳು ತೆಗೆಯಲಿಲ್ಲ. ಹೆಣೆಯುವುದನ್ನು ಯಾವಾಗ ನಿಲ್ಲಿಸಿದಳೋ ನೋಡಲಿಲ್ಲ.

ಮುಗಿದ ಮೇಲೆ, "ಹೋಗಿ. ವಿಮಾನ ತಪ್ಪುತ್ತೆ" ಎಂದಳು. ಸೂಟ್‌ಕೇಸ್ ತಾನೇ ಇಳಿಸಿಕೊಟ್ಟಳು.

ನಾದಿನಿಗೂ ಹೇಳಬೇಕು. ಅವಳು ಅವತ್ತು ಊರಲ್ಲಿರಲಿಲ್ಲ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಹೋದವನೇ ಅವಳನ್ನು ಕೂರಿಸಿಕೊಂಡು ಹೇಳಬೇಕು. ನಮ್ಮ ಭಾಷೆಯಲ್ಲಿ ಹೇಳುವುದು ಬೇರೆ. ತಡವರಿಸದ ಹಾಗೆ ಒಮ್ಮೆ ಇಲ್ಲಿ ಬರೆದುಕೊಳ್ಳುತ್ತೇನೆ. ಇನ್ನೂ ಒಳಗೆ ಕರೆದಿಲ್ಲ, ಸಮಯವಿದೆ.

ಅವತ್ತು ಬೆಳಿಗ್ಗೆ ಹಾಲಿನವನು ಬೆಲ್ ಮಾಡಿದ. ನಾನು ಏಳಲು ಹೊರಟೆ. "ಮಲ್ಕೊಳ್ಳಿ, ನಾನು ತರ್ತೀನಿ" ಎಂದಳು ಇವಳು. ಪಾತ್ರೆ ಹಿಡಿದು ಮೆಟ್ಟಿಲಿಳಿದಳು. ದಿನಾ ಮೆಟ್ಟಿಲಿಗೊಂದು 'ಅಮ್ಮಾ' ಎನ್ನುತ್ತಿದ್ದಳು. ಅವತ್ತು ಅನ್ನಲಿಲ್ಲ. ನೋವು ಕಮ್ಮಿಯಾಗಿದೆ, ಸದ್ಯ, ಎಂದುಕೊಂಡು ಮಗ್ಗುಲಾದೆ. ಪಾತ್ರೆ ಉರುಳಿದ ಸದ್ದು. "ಏನೇ ಬೀಳಿಸ್ದೆ" ಎಂದು ಮಲಗಿದಲ್ಲಿಂದಲೇ ಕೂಗಿದೆ. ಅವಳು ಕೊನೆಯ ಮೆಟ್ಟಿಲಲ್ಲಿ ಬಿದ್ದಿದ್ದಳು; ನಾನು ಇಳಿದು ಹೋಗುವಷ್ಟರಲ್ಲಿ ಉಸಿರು ನಿಂತಿತ್ತು.